ಆತ್ಮರಕ್ಷಣೆಗಾಗಿ ಕಿರು ಪಿಸ್ತೂಲು: ಮಧುಗಿರಿ ಉಪವಿಭಾಗದ ಅರ್ಜಿದಾರರ ಗಮನಕ್ಕೆ

ಮಧುಗಿರಿ, ಸಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ನಾಗರಿಕರಿಗೆ ಆಯುಧ ಪರವಾನಗಿ ನೀಡುವ ಪ್ರಾಧಿಕಾರಿ ತುಮಕೂರು ಜಿಲ್ಲಾ ದಂಡಾಧಿಕಾರಿಗಳು. ಆಯುಧ ಅಧಿನಿಯಮ, 1959 ಹಾಗೂ ಆಯುಧ ನಿಯಮಗಳು, 2016 ಈ ವಿಷಯಕ್ಕೆ ಅನ್ವಯಿಸುತ್ತವೆ. ಪರವಾನಗಿ ಮಂಜೂರಾಗುವ ಮುನ್ನ ಆಯುಧ ಖರೀದಿಸುವಂತಿಲ್ಲ.

ಯಾವ ಆಯುಧಕ್ಕೆ ಅರ್ಜಿ:
ಬೆಳೆ ರಕ್ಷಣೆಗೆ ಮದ್ದು ತುಂಬುವ ನಾಡಬಂದೂಕು, ರಕ್ಷಣೆ ಅಥವಾ ಕ್ರೀಡೆಗೆ 20 ಅಂಗುಲಕ್ಕೆ ಕಡಿಮೆಯಿಲ್ಲದ ನಳಿಗೆಯ ಬಂದೂಕು ಕೋರುವವರಿಗೆ ಅಧಿನಿಯಮದ 13ನೇ ಪ್ರಕರಣವು ಆದ್ಯತೆ ನೀಡಿದೆ. ಪಿಸ್ತೂಲು, ರಿವಾಲ್ವರ್ ಕೋರುವವರು ಸೂಕ್ತ ಕಾರಣವನ್ನು ಮನವರಿಕೆ ಮಾಡಿಕೊಡತಕ್ಕದ್ದು. ಹೊಲಕ್ಕೆ ನುಗ್ಗುವ ಹಂದಿಗಳ ಕಾಟವು ಪಿಸ್ತೂಲಿಗೆ ತಕ್ಕ ಕಾರಣವಾಗಲಾರದು. ಆಯುಧ ಪರವಾನಗಿಯು ಬೇಟೆಗೆ ಅನುಮತಿಯೂ ಅಲ್ಲ. ಮೈದನಹಳ್ಳಿಯ ಕೃಷ್ಣಮೃಗಗಳು ವನ್ಯಜೀವಿ ಕಾಯ್ದೆಯ 1ನೇ ಅನುಸೂಚಿಯಲ್ಲಿವೆ.

ಆಯ್ಕೆ:
9 ಮಿ.ಮೀ. ಪಿಸ್ತೂಲು ನಿಷೇಧಿತ ಬೋರಿನದಾದ್ದರಿಂದ ಜಿಲ್ಲಾ ಮಟ್ಟದಲ್ಲಿ ದೊರೆಯದು. ಸಾಮಾನ್ಯ ಅರ್ಜಿದಾರರಿಗೆ 0.32 ಬೋರ್ ಪಿಸ್ತೂಲು ಅಥವಾ ರಿವಾಲ್ವರ್ ಲಭ್ಯ. ಕಾನ್ಪುರದ ಕಾರ್ಖಾನೆಯು 2014ರಲ್ಲಿ ಹೊರತಂದ ನಿರ್ಭೀಕ್ ರಿವಾಲ್ವರಿನ ತೂಕ ಸುಮಾರು 500 ಗ್ರಾಂ. ಪಿಸ್ತೂಲು ಚಪ್ಪಟೆಯಾಗಿದ್ದು ಬಟ್ಟೆಯೊಳಗೆ ಸುಲಭವಾಗಿ ಅಡಗುತ್ತದೆ. ಆದರೆ ಮ್ಯಾಗಜೀನ್ ತೆಗೆದ ಮೇಲೂ ನಳಿಗೆಯ ಹಿಂಭಾಗದಲ್ಲಿ ಒಂದು ಗುಂಡು ಉಳಿದಿರಬಹುದು. ರಿವಾಲ್ವರ್ ದಪ್ಪವಾಗಿದ್ದರೂ ಗುಂಡುಗಳಿವೆಯೇ ಎಂದು ಪರೀಕ್ಷಿಸುವುದು ಸರಳ. ಕಿರು ಆಯುಧ ಹಗುರವಾದಷ್ಟೂ ಹಿಮ್ಮೆಟ್ಟು ಹೆಚ್ಚು, ಗುರಿ ಕಷ್ಟ. ಆದ್ದರಿಂದ ಗಾತ್ರಕ್ಕಿಂತ ಕೈಹಿಡಿತ ಮತ್ತು ತರಬೇತಿಗೆ ಗಮನ ಕೊಡುವುದು ಸೂಕ್ತ.

ಅರ್ಜಿ ವಿಧಾನ:
1. ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು.
2. ನಮೂನೆ ಎ-1ರ ಅರ್ಜಿಯೊಂದಿಗೆ ಗುರುತು ಮತ್ತು ವಾಸಸ್ಥಳದ ದಾಖಲೆ, ವೈದ್ಯಕೀಯ ಪ್ರಮಾಣಪತ್ರ ಹಾಗೂ ಸುರಕ್ಷತಾ ತರಬೇತಿ ಪ್ರಮಾಣಪತ್ರ ಲಗತ್ತಿಸತಕ್ಕದ್ದು.
3. ಸಂಬಂಧಿತ ಪೊಲೀಸ್ ಠಾಣೆಯ ವರದಿಯನ್ನು ಪರಿಗಣಿಸಿ ಆದೇಶ ಹೊರಡಿಸಲಾಗುತ್ತದೆ.
4. 2019ರ ತಿದ್ದುಪಡಿಯಂತೆ ಒಬ್ಬರು ಗರಿಷ್ಠ 2 ಆಯುಧಗಳನ್ನು ಹೊಂದಬಹುದು. ಪರವಾನಗಿ ಅವಧಿ 5 ವರ್ಷ.

ಸಾಕಷ್ಟು ಆಸ್ತಿಯಿಲ್ಲವೆಂಬ ಕಾರಣ ಒಂದರಿಂದಲೇ ಪರವಾನಗಿ ನಿರಾಕರಿಸುವಂತಿಲ್ಲ. ನಿರಾಕರಿಸಿದಲ್ಲಿ ಅರ್ಜಿದಾರರು ಕಾರಣಗಳ ವಿವರಣೆ ಕೋರಬಹುದು ಹಾಗೂ 18ನೇ ಪ್ರಕರಣದಡಿ ಮೇಲ್ಮನವಿ ಸಲ್ಲಿಸಬಹುದು.

ಒಯ್ಯುವಾಗ ಪಾಲಿಸಬೇಕಾದ ಷರತ್ತುಗಳು:
ಸಾರ್ವಜನಿಕ ಸ್ಥಳದಲ್ಲಿ ಪಿಸ್ತೂಲನ್ನು ಚೀಲ ಅಥವಾ ಹೋಲ್‌ಸ್ಟರಿನಲ್ಲಿ ಪೂರ್ಣ ಮುಚ್ಚಿ, ತಮ್ಮ ಹಿಡಿತದಲ್ಲಿಯೇ ಇಟ್ಟುಕೊಳ್ಳತಕ್ಕದ್ದು. ಮರೆಮಾಡಿ ಒಯ್ಯುವುದು ನಿಯಮದ ಅಗತ್ಯವೇ ಆಗಿದೆ. ಪ್ರದರ್ಶಿಸಿದರೆ ಪರವಾನಗಿ ರದ್ದಾಗಬಹುದು. ಜಾತ್ರೆ, ಧಾರ್ಮಿಕ ಮೆರವಣಿಗೆ, ಶಾಲಾ-ಕಾಲೇಜು ಆವರಣಗಳಿಗೆ ಒಯ್ಯುವಂತಿಲ್ಲ. ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆಗೂ ಇದು ಅನ್ವಯಿಸುತ್ತದೆ. ಮದುವೆ ಮುಂತಾದ ಸಂಭ್ರಮಗಳಲ್ಲಿ ಇತರರ ಸುರಕ್ಷತೆಗೆ ಅಪಾಯವಾಗುವಂತೆ ಗುಂಡು ಹಾರಿಸಿದರೆ 2 ವರ್ಷಗಳವರೆಗೆ ಸೆರೆವಾಸ, 1 ಲಕ್ಷ ರೂ.ವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು.

ಪಾವಗಡ ತಾಲ್ಲೂಕು ಬಹುಪಾಲು ಆಂಧ್ರಪ್ರದೇಶದಿಂದ ಸುತ್ತುವರಿದಿದೆ. ಹಿಂದೂಪುರ, ಮಡಕಶಿರಾ ಕಡೆಗೆ ಹೋಗುವವರು ಪರವಾನಗಿಯಲ್ಲಿ ನಮೂದಿಸಿದ ಪ್ರದೇಶ ವ್ಯಾಪ್ತಿಯನ್ನು ಮೊದಲು ಪರಿಶೀಲಿಸಿಕೊಳ್ಳತಕ್ಕದ್ದು. ವ್ಯಾಪ್ತಿಯ ಹೊರಗೆ ಒಯ್ಯುವುದು ಷರತ್ತಿನ ಉಲ್ಲಂಘನೆಯಾಗುತ್ತದೆ. ಆಯುಧ ಕಳೆದುಹೋದಲ್ಲಿ ಕೂಡಲೇ ಸಮೀಪದ ಪೊಲೀಸ್ ಠಾಣೆಗೆ ತಿಳಿಸತಕ್ಕದ್ದು. ಮನೆಯಲ್ಲಿ ಆಯುಧ ಮತ್ತು ಮದ್ದುಗುಂಡುಗಳನ್ನು ಬೇರೆ ಬೇರೆಯಾಗಿ ಬೀಗ ಹಾಕಿ, ಮಕ್ಕಳ ಕೈಗೆ ಸಿಗದಂತೆ ಇಡುವುದು.