ದಾಖಲೆ ಕೇಳಿದವರಿಗೂ ಒಂದು ಸನ್ಮಾನ

ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಸ್ಟಾರ್ಕ್‌ವಿಲ್‌ನಲ್ಲಿ ಬೇಸಾಯ ಮತ್ತು ಯಂತ್ರವಿದ್ಯೆ ಕಲಿಸಲೆಂದು 1878ರಲ್ಲಿ ಒಂದು ಕಾಲೇಜು ಹುಟ್ಟಿತು. ಈಗ ಅದು ಮಿಸಿಸಿಪ್ಪಿ ಸ್ಟೇಟ್ ಯೂನಿವರ್ಸಿಟಿ. ಅಲ್ಲಿನ ಲೆಕ್ಕಶಾಸ್ತ್ರ ವಿಭಾಗದಿಂದ ಹೊರಬಂದವರಲ್ಲಿ ಇಬ್ಬರ ಕಥೆಯನ್ನು ನಮ್ಮ ವಾಣಿಜ್ಯ ವಿದ್ಯಾರ್ಥಿಗಳು ಒಟ್ಟಿಗೆ ಓದಬೇಕು. ಒಬ್ಬರ ಹೆಸರನ್ನು ವಿಭಾಗಕ್ಕೇ ಇಟ್ಟಿದ್ದಾರೆ. ಇನ್ನೊಬ್ಬರ ಹೆಸರು 2002ರಲ್ಲಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು.

ಮೊದಲನೆಯವರು ರಿಚರ್ಡ್ ಆಡ್ಕರ್ಸನ್. 1969ರಲ್ಲಿ ಲೆಕ್ಕಶಾಸ್ತ್ರದ ಪದವಿ, ಮರುವರ್ಷ ಅಲ್ಲಿಯೇ ಎಂಬಿಎ. ಆಮೇಲೆ ಆರ್ಥರ್ ಆಂಡರ್ಸನ್ ಎಂಬ ದೊಡ್ಡ ಲೆಕ್ಕಪರಿಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿ ಪಾಲುದಾರರಾದರು. 1989ರಲ್ಲಿ ಗಣಿ ಕಂಪನಿ ಫ್ರೀಪೋರ್ಟ್ ಸೇರಿದವರು 2003ರಿಂದ 2024ರವರೆಗೆ ಅದರ ಮುಖ್ಯಸ್ಥರಾಗಿದ್ದರು. ಜಗತ್ತಿನ ಅತಿದೊಡ್ಡ ತಾಮ್ರ ಉತ್ಪಾದಕರ ಸಾಲಿನಲ್ಲಿ ನಿಲ್ಲುವ ಕಂಪನಿ ಅದು. ಓದಿದ ವಿಭಾಗಕ್ಕೆ ಒತ್ತಾಸೆಯಾಗಿ ನಿಂತರು; ಇಂದು ಅದರ ಹೆಸರೇ ‘ರಿಚರ್ಡ್ ಸಿ. ಆಡ್ಕರ್ಸನ್ ಸ್ಕೂಲ್ ಆಫ್ ಅಕೌಂಟೆನ್ಸಿ’.

ಎರಡನೆಯವರು ಸಿಂಥಿಯಾ ಕೂಪರ್. ಮಿಸಿಸಿಪ್ಪಿಯದೇ ಕ್ಲಿಂಟನ್ ಊರಿನ ಹೆಣ್ಣುಮಗಳು. ಸ್ಟಾರ್ಕ್‌ವಿಲ್‌ನಲ್ಲಿ ಪದವಿ, ಅಲಬಾಮಾ ಯೂನಿವರ್ಸಿಟಿಯಲ್ಲಿ ಸ್ನಾತಕೋತ್ತರ ಪದವಿ. ದೊಡ್ಡ ಪರಿಶೋಧನಾ ಸಂಸ್ಥೆಗಳಲ್ಲಿ ಕೆಲಸ ಕಲಿತು ಊರಿಗೆ ಮರಳಿ, ಅಲ್ಲಿಯೇ ಕೇಂದ್ರ ಕಚೇರಿ ಹೊಂದಿದ್ದ ವರ್ಲ್ಡ್‌ಕಾಮ್ ಎಂಬ ದೂರಸಂಪರ್ಕ ಕಂಪನಿಯಲ್ಲಿ ಆಂತರಿಕ ಲೆಕ್ಕಪರಿಶೋಧನೆಯ ಉಪಾಧ್ಯಕ್ಷೆಯಾದರು. ಕಂಪನಿಯ ಮುಖ್ಯಸ್ಥ ಬರ್ನಿ ಎಬ್ಬರ್ಸ್ ಕೂಡ ಕ್ಲಿಂಟನ್‌ನ ಮಿಸಿಸಿಪ್ಪಿ ಕಾಲೇಜಿನ ಹಳೆಯ ವಿದ್ಯಾರ್ಥಿಯೇ. ಸಣ್ಣ ಊರಿನಲ್ಲಿ ಜಗತ್ತಿನ ಕಂಪನಿ ಕಟ್ಟಿದಾತ ಎಂದು ಜನ ಅವನನ್ನು ತಲೆಯ ಮೇಲೆ ಹೊತ್ತು ಮೆರೆಸಿದ್ದರು. ಊರಿನವರ ಉಳಿತಾಯವೂ ಆ ಕಂಪನಿಯ ಷೇರುಗಳಲ್ಲಿತ್ತು. 1999ರ ಜೂನ್‌ನಲ್ಲಿ ಒಂದು ಷೇರಿನ ಬೆಲೆ 64 ಡಾಲರ್ ಮುಟ್ಟಿತ್ತು.

ಬಾಡಿಗೆ ಆಸ್ತಿಯಾದ ಬಗೆ

ವರ್ಲ್ಡ್‌ಕಾಮ್ ತನ್ನ ಗ್ರಾಹಕರ ಕರೆಗಳನ್ನು ಸಾಗಿಸಲು ಬೇರೆ ಕಂಪನಿಗಳ ತಂತಿಜಾಲವನ್ನು ಬಳಸುತ್ತಿತ್ತು. ಅದಕ್ಕೆ ಶುಲ್ಕ ಕೊಡಬೇಕಿತ್ತು. ಇದು ಆಯಾ ತಿಂಗಳ ಖರ್ಚು. ಪಿಯುಸಿಯ ಮೊದಲ ಪಾಠಗಳಲ್ಲೇ ಬರುವ ವಿಷಯ: ರಾಜಸ್ವ ವೆಚ್ಚ ಲಾಭ-ನಷ್ಟ ಖಾತೆಗೆ, ಬಂಡವಾಳ ವೆಚ್ಚ ಅಢಾವೆ ಪತ್ರಿಕೆಗೆ. 2001ರ ಆರಂಭದಿಂದ ಐದು ತ್ರೈಮಾಸಿಕಗಳಲ್ಲಿ ಈ ಶುಲ್ಕದ ದೊಡ್ಡ ಭಾಗವನ್ನು ಕಂಪನಿ ಆಸ್ತಿಯೆಂದು ಬರೆದುಕೊಂಡಿತು. ಚಿಕ್ಕಪೇಟೆಯ ಅಂಗಡಿಯವರೊಬ್ಬರು ತಿಂಗಳ ಬಾಡಿಗೆ ಕಟ್ಟಿ, ಪುಸ್ತಕದಲ್ಲಿ ಕಟ್ಟಡ ಕೊಂಡೆ ಎಂದು ಬರೆದಂತೆ. ಕಟ್ಟಡವೆಂದರೆ ವರ್ಷ ವರ್ಷ ಸ್ವಲ್ಪ ಸ್ವಲ್ಪ ಸವಕಳಿ ಹಾಕಿದರಾಯಿತು. ಖರ್ಚು ಮರೆಯಾಗುತ್ತದೆ, ನಷ್ಟದ ಜಾಗದಲ್ಲಿ ಲಾಭ ಕಾಣುತ್ತದೆ. ಮೊದಲ ಸುತ್ತಿನಲ್ಲಿ ಹೊರಬಿದ್ದ ಮೊತ್ತವೇ 380 ಕೋಟಿ ಡಾಲರ್. ಕೊನೆಗೆ ಎಲ್ಲ ಕೂಡಿಸಿದಾಗ 1,100 ಕೋಟಿ ಡಾಲರ್ ಆಸುಪಾಸು.

ಇದನ್ನು ಹಿಡಿಯುವುದು ಸಿಂಥಿಯಾ ಅವರ ನಿತ್ಯದ ಕೆಲಸದೊಳಗೆ ಬರುತ್ತಿರಲಿಲ್ಲ. ಅವರ ತಂಡ ನೋಡುತ್ತಿದ್ದುದು ಹೆಚ್ಚಾಗಿ ಕಾರ್ಯಕ್ಷಮತೆಯನ್ನು. ಹಣಕಾಸಿನ ಲೆಕ್ಕ ನೋಡುವ ಹೊಣೆ ಹೊರಗಿನ ಪರಿಶೋಧಕರಾದ ಆರ್ಥರ್ ಆಂಡರ್ಸನ್ ಸಂಸ್ಥೆಯದು. 2002ರ ಮಾರ್ಚ್‌ನಲ್ಲಿ ವೈರ್‌ಲೆಸ್ ವಿಭಾಗದ ಮುಖ್ಯಸ್ಥ, ತನ್ನ ಮೀಸಲು ನಿಧಿಯಿಂದ 40 ಕೋಟಿ ಡಾಲರ್ ಎತ್ತಿ ಲಾಭಕ್ಕೆ ಸೇರಿಸಿದ್ದಾರೆ ಎಂದು ದೂರಿದ. ಸಿಂಥಿಯಾ ವಿಚಾರಿಸಲು ಹೋದರೆ ಮುಖ್ಯ ಹಣಕಾಸು ಅಧಿಕಾರಿ ಸ್ಕಾಟ್ ಸಲ್ಲಿವನ್ ಗದರಿದ; ಹೊರಗಿನ ಪರಿಶೋಧಕರಿಂದಲೂ ನೆರವು ಸಿಗಲಿಲ್ಲ. ಸಿಂಥಿಯಾ ಕಂಪನಿಯ ಲೆಕ್ಕಪರಿಶೋಧನಾ ಸಮಿತಿಯ ಮುಂದೆ ವಿಷಯ ಇಟ್ಟರು. ಮೇ ತಿಂಗಳ ಕೊನೆಗೆ ಟೆಕ್ಸಾಸ್‌ನ ಒಂದು ವಾರಪತ್ರಿಕೆಯ ವರದಿ ಅವರ ಸಹೋದ್ಯೋಗಿ ಗ್ಲಿನ್ ಸ್ಮಿತ್ ಕೈಗೆ ಬಂತು. ಬಂಡವಾಳ ವೆಚ್ಚದ ಲೆಕ್ಕದ ಬಗ್ಗೆ ಪ್ರಶ್ನೆ ಎತ್ತಿ ಕೆಲಸ ಕಳೆದುಕೊಂಡ ಕಿಮ್ ಎಮಿಗ್ ಎಂಬ ನೌಕರನ ಕಥೆ ಅದು. ಸನ್ಮಾನದ ಪಟ್ಟಿ ಬರೆಯುವವರು ಈ ಹೆಸರನ್ನೂ ಮರೆಯಬಾರದು. ದೊಡ್ಡ ಸುದ್ದಿಯಾಗುವ ಮೊದಲೇ ಬೆಲೆ ತೆತ್ತವನು ಅವನು.

ತಂಡದಲ್ಲಿ ಜೀನ್ ಮೋರ್ಸ್ ಎಂಬ ಕಂಪ್ಯೂಟರ್ ಬಲ್ಲ ಲೆಕ್ಕಿಗನಿದ್ದ. ಹಗಲು ಲಕ್ಷಗಟ್ಟಲೆ ಎಂಟ್ರಿಗಳನ್ನು ಜಾಲಾಡಿದರೆ ಸರ್ವರ್ ನಿಧಾನವಾಗಿ ಯಾರಾದರೂ ವಿಚಾರಿಸಿಯಾರು ಎಂದು ರಾತ್ರಿ ಕೂತು ಹುಡುಕಿದ. ‘ಪ್ರಿಪೇಯ್ಡ್ ಕೆಪಾಸಿಟಿ’ ಎಂಬ ವಿಚಿತ್ರ ಹೆಸರಿನಡಿ ಮೊತ್ತಗಳು ಒಂದು ಖಾತೆಯಿಂದ ಇನ್ನೊಂದಕ್ಕೆ ಜಿಗಿದಿದ್ದವು. 50 ಕೋಟಿ ಡಾಲರ್‌ನ ಕಂಪ್ಯೂಟರ್ ಖರ್ಚು ಆಸ್ತಿಯಾಗಿ ನಿಂತಿತ್ತು. ಅದಕ್ಕೆ ಬಿಲ್ಲಿಲ್ಲ, ಖರೀದಿ ಆದೇಶವಿಲ್ಲ, ಅನುಮತಿ ಪತ್ರವಿಲ್ಲ. ಜೂನ್ ಮೊದಲ ವಾರಕ್ಕೆ ಇಂಥ ಮೊತ್ತ 200 ಕೋಟಿಗೆ ಏರಿತು. ಸಿಕ್ಕಿದ್ದನ್ನು ಯಾರೂ ಅಳಿಸದಿರಲೆಂದು ಅವನು ಸಿಡಿಗೆ ನಕಲು ಮಾಡಿಟ್ಟುಕೊಂಡ.

ಜೂನ್ 11ರಂದು ಸಲ್ಲಿವನ್ ಸಿಂಥಿಯಾ ಅವರನ್ನು ಕರೆಸಿ ಈ ಪರಿಶೀಲನೆಯನ್ನು ಮೂರನೇ ತ್ರೈಮಾಸಿಕದವರೆಗೆ ಮುಂದೂಡಲು ಹೇಳಿದ. ಅವರು ಒಪ್ಪಲಿಲ್ಲ. ಅಧಿಕಾರದ ದೃಷ್ಟಿಯಿಂದ ಆತ ಅವರಿಗಿಂತ ಎಷ್ಟೋ ಮೇಲೆ. ಲೆಕ್ಕಶಾಸ್ತ್ರದ ಯಾವ ಪಠ್ಯದಲ್ಲೂ ಈ ‘ಇಲ್ಲ’ ಎಂಬ ಉತ್ತರಕ್ಕೆ ಒಂದು ಅಧ್ಯಾಯವಿಲ್ಲ. ಆದರೆ ಪಠ್ಯದಲ್ಲಿರುವುದೆಲ್ಲ ಅದರ ಮೇಲೆಯೇ ನಿಂತಿದೆ ಎಂದು ನಾನು ನಂಬುತ್ತೇನೆ.

ಜೂನ್ 17ರಂದು ಸಿಂಥಿಯಾ ಮತ್ತು ಗ್ಲಿನ್ ಅಕೌಂಟ್ಸ್ ವಿಭಾಗದ ಒಂದೊಂದೇ ಮೇಜಿನ ಬಳಿ ಹೋಗಿ ಒಂದೇ ಪ್ರಶ್ನೆ ಕೇಳಿದರು: ಈ ಎಂಟ್ರಿಗೆ ಆಧಾರವೇನು? ಬೆಟ್ಟಿ ವಿನ್ಸನ್, ಎಂಟ್ರಿ ಹಾಕಿದ್ದು ತಾನೇ, ಆದರೆ ದಾಖಲೆಯಿಲ್ಲ ಎಂದರು. ಕಂಟ್ರೋಲರ್ ಡೇವಿಡ್ ಮೈಯರ್ಸ್ ಕೂಡ ಆಧಾರವಿಲ್ಲವೆಂದು ಒಪ್ಪಿಕೊಂಡ. ಜೂನ್ 25ರಂದು ಕಂಪನಿ ಜಗತ್ತಿಗೆ ವಿಷಯ ತಿಳಿಸಿತು. ಜುಲೈ 21ಕ್ಕೆ ದಿವಾಳಿ ಅರ್ಜಿ. ಅಲ್ಲಿಯವರೆಗಿನ ಅಮೆರಿಕದ ಇತಿಹಾಸದಲ್ಲೇ ದೊಡ್ಡ ದಿವಾಳಿ ಅದು.

ಬೆಟ್ಟಿ ವಿನ್ಸನ್ ಕಥೆ ಮಾತ್ರ ನನ್ನನ್ನು ಹೆಚ್ಚು ಕಾಡುತ್ತದೆ. ಮಧ್ಯಮ ದರ್ಜೆಯ ಅಕೌಂಟೆಂಟ್. ಮೊದಲ ಸಲ ಹೇಳಿದಾಗಲೇ ಅವರಿಗೆ ಇದು ತಪ್ಪೆಂದು ಗೊತ್ತಿತ್ತು, ರಾಜೀನಾಮೆ ಕೊಡಲು ಯೋಚಿಸಿದ್ದರು. ಹಾರುತ್ತಿರುವ ವಿಮಾನಗಳು ಮೊದಲು ಇಳಿಯಲಿ, ಆಮೇಲೆ ಬೇಕಾದರೆ ಹೋಗಿ ಎಂಬ ಧಾಟಿಯಲ್ಲಿ ಸಲ್ಲಿವನ್ ಸಮಾಧಾನ ಹೇಳಿದ. ಅವರು ಉಳಿದರು. ಮುಂದಿನ ತ್ರೈಮಾಸಿಕಕ್ಕೂ ಎಂಟ್ರಿ ಹಾಕಿದರು, ಅದರ ಮುಂದಿನದಕ್ಕೂ. 2005ರಲ್ಲಿ ಎಬ್ಬರ್ಸ್‌ಗೆ 25 ವರ್ಷ, ಸಲ್ಲಿವನ್‌ಗೆ 5 ವರ್ಷ, ಬೆಟ್ಟಿ ಅವರಿಗೆ 5 ತಿಂಗಳ ಜೈಲು. ಸಿಂಥಿಯಾ, ಬೆಟ್ಟಿ ಇಬ್ಬರೂ ಲೆಕ್ಕ ಬಲ್ಲವರೇ, ಒಂದೇ ಕಂಪನಿಯ ನೌಕರಿ. ಸಿಂಥಿಯಾ ಅವರನ್ನು ಸನ್ಮಾನಿಸುವ ತರಗತಿಯಲ್ಲಿ ಬೆಟ್ಟಿ ಅವರ ಬಗ್ಗೆಯೂ ಪಾಠ ನಡೆಯಬೇಕು. ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಬೆಟ್ಟಿ ಕೂತ ಕುರ್ಚಿಯಲ್ಲೇ ಮೊದಲು ಕೂರುತ್ತಾರೆ.

ಕೊಟ್ಟವರ ಋಣ

ಹಾಗೆಂದು ಹಣ ಕೊಟ್ಟವರನ್ನು ಕಡೆಗಣಿಸುವ ಮಾತಲ್ಲ ಇದು. ಅಮೆರಿಕದಲ್ಲಿ ಸಿಪಿಎ, ಎಂದರೆ ಅಲ್ಲಿನ ಚಾರ್ಟರ್ಡ್ ಅಕೌಂಟೆಂಟ್, ಆಗಲು ನಾಲ್ಕು ವರ್ಷದ ಪದವಿಯ 120 ಕ್ರೆಡಿಟ್ ಸಾಲದು, 150 ಬೇಕು ಎಂಬ ನಿಯಮ ದಶಕಗಳ ಕಾಲ ಹೆಚ್ಚುಕಡಿಮೆ ಎಲ್ಲ ರಾಜ್ಯಗಳಲ್ಲೂ ಇತ್ತು. ಎಂದರೆ ಬಹುಪಾಲು ವಿದ್ಯಾರ್ಥಿಗಳಿಗೆ ಐದನೆಯ ವರ್ಷದ ಶುಲ್ಕ, ಆ ವರ್ಷ ಕೈತಪ್ಪುವ ಸಂಬಳ. ಮನೆಯಲ್ಲಿ ಮೊದಲ ಬಾರಿ ಕಾಲೇಜು ಮೆಟ್ಟಿಲು ಹತ್ತಿದವರು ಈ ಹಂತದಲ್ಲಿ ಹಿಂದೆ ಸರಿಯುವುದು ಸುಲಭವಾಗಿತ್ತು. ಅಲ್ಲಿ ಹಳೆಯ ವಿದ್ಯಾರ್ಥಿಗಳ ದತ್ತಿನಿಧಿ ಕೈಹಿಡಿಯುತ್ತಿತ್ತು. ಫ್ಲಾರಿಡಾದ ಫಿಶರ್ ಸ್ಕೂಲ್, ಸದರ್ನ್ ಕ್ಯಾಲಿಫೋರ್ನಿಯಾದ ಲೆವೆಂಥಾಲ್ ಸ್ಕೂಲ್, ಸ್ಟಾರ್ಕ್‌ವಿಲ್‌ನ ಆಡ್ಕರ್ಸನ್ ಸ್ಕೂಲ್: ಈ ಹೆಸರುಗಳ ಹಿಂದೆ ಪ್ರಾಧ್ಯಾಪಕರ ಪೀಠಗಳಿವೆ, ವಿದ್ಯಾರ್ಥಿವೇತನಗಳಿವೆ. ಕೊಟ್ಟವರ ಹೆಸರು ಕಟ್ಟಡದ ಮೇಲೆ ಇರುವುದು ನ್ಯಾಯವೇ.

ಆದರೆ ಗೌರವದ ಪಟ್ಟಿಗಳು ಕಣ್ಣಿಗೆ ಬಿದ್ದವರನ್ನೇ ಮತ್ತೆ ಮತ್ತೆ ಸೇರಿಸುತ್ತವೆ. ಒಹಾಯೊ ಸ್ಟೇಟ್ ಯೂನಿವರ್ಸಿಟಿ 1950ರಲ್ಲಿ ‘ಅಕೌಂಟಿಂಗ್ ಹಾಲ್ ಆಫ್ ಫೇಮ್’ ಆರಂಭಿಸಿತು; ಜಾರ್ಜ್ ಮೇ, ರಾಬರ್ಟ್ ಮಾಂಟ್‌ಗೊಮರಿ, ವಿಲಿಯಂ ಪೇಟನ್ ಮೊದಲ ಮೂವರು. ಮೂವರೂ ಯೋಗ್ಯರೇ. ಅಲ್ಲಿಗೆ ಮೊದಲ ಮಹಿಳೆಯಾಗಿ ಕ್ಯಾಥರೀನ್ ಶಿಪ್ಪರ್ ಪ್ರವೇಶಿಸಿದ್ದು 2007ರಲ್ಲಿ. ಅಷ್ಟು ವರ್ಷ ಬೇಕಾಯಿತು!

ಸಿಂಥಿಯಾ ಅವರಿಗೆ ಗೌರವ ಬೇಗನೆ ಬಂತು. 2002ರ ಕೊನೆಗೆ ‘ಟೈಮ್’ ಪತ್ರಿಕೆ ಅವರನ್ನು ವರ್ಷದ ವ್ಯಕ್ತಿಗಳಲ್ಲಿ ಒಬ್ಬರೆಂದು ಆರಿಸಿತು. ಜೊತೆಗಿದ್ದವರು ಎಫ್‌ಬಿಐನ ಕೊಲೀನ್ ರೌಲಿ ಮತ್ತು ಲೆಕ್ಕದ ಹಗರಣದಲ್ಲಿ ಕುಸಿದ ಇಂಧನ ಕಂಪನಿ ಎನ್‌ರಾನ್‌ನ ಶೆರನ್ ವಾಟ್ಕಿನ್ಸ್. ವಾಟ್ಕಿನ್ಸ್ ಕೂಡ ಲೆಕ್ಕಶಾಸ್ತ್ರದವರೇ, ಆಸ್ಟಿನ್‌ನ ಟೆಕ್ಸಾಸ್ ಯೂನಿವರ್ಸಿಟಿಯಲ್ಲಿ ಓದಿದವರು. 2003ರಲ್ಲಿ ಅಮೆರಿಕನ್ ಅಕೌಂಟಿಂಗ್ ಅಸೋಸಿಯೇಷನ್, ವೃತ್ತಿಧರ್ಮಕ್ಕೆ ಮಾದರಿಯಾದವರಿಗೆ ಕೊಡುವ ಪ್ರಶಸ್ತಿಯನ್ನು ಸಿಂಥಿಯಾ ಅವರಿಗೆ ನೀಡಿತು. ಮುಂದೆ ತಮ್ಮ ಅನುಭವವನ್ನು ಪುಸ್ತಕವಾಗಿ ಬರೆದರು. ಕಾಲೇಜುಗಳಿಗೆ ಹೋಗಿ ವಿದ್ಯಾರ್ಥಿಗಳ ಜೊತೆ ಮಾತಾಡಿದರು.

ಇಲ್ಲಿ ಒಂದು ಸಣ್ಣ ಸಂಗತಿ ಹೇಳಲೇಬೇಕು. ಸಿಂಥಿಯಾ ಅವರಿಗೆ ಹೈಸ್ಕೂಲಿನಲ್ಲಿ ಲೆಕ್ಕಶಾಸ್ತ್ರ ಕಲಿಸಿದ್ದು ಗ್ಲಿನ್ ಸ್ಮಿತ್ ಅವರ ತಾಯಿ. ಶಿಷ್ಯೆ ಮತ್ತು ಮಗ ಇಬ್ಬರೂ ಸೇರಿ ಜೂನ್ 17ರಂದು ಆ ಮೇಜುಗಳ ಮುಂದೆ ನಿಂತರು. ಡೆಬಿಟ್ ಯಾವುದು, ಕ್ರೆಡಿಟ್ ಯಾವುದು ಎಂದು ಕಪ್ಪುಹಲಗೆಯ ಮೇಲೆ ಎರಡು ಕಲಂ ಎಳೆದು ಕಲಿಸಿದ ಮೇಷ್ಟರು, ಮೇಡಂಗಳಿಗೆ ಯಾವ ಯೂನಿವರ್ಸಿಟಿಯ ಸನ್ಮಾನ ಸಮಾರಂಭದಲ್ಲೂ ಮುಂದಿನ ಸಾಲಿನ ಕುರ್ಚಿ ಸಿಗಬೇಕು.

ಬೆಂಗಳೂರಿನ ಸಹಿ

ಕ್ಲಿಂಟನ್‌ನ ‘ಆಧಾರವೇನು’ ಎಂಬ ಆ ಪ್ರಶ್ನೆ ಬೆಂಗಳೂರಿಗೂ ಬಂದು ಮುಟ್ಟಿತು. 2002ರ ಜುಲೈ 30ರಂದು ಅಮೆರಿಕ ಸರ್ಬೇನ್ಸ್-ಆಕ್ಸ್ಲಿ ಕಾಯ್ದೆ ಜಾರಿಗೆ ತಂದಿತು. ಎನ್‌ರಾನ್ ಹಗರಣದ ನಂತರ ತೆವಳುತ್ತಿದ್ದ ಮಸೂದೆಗೆ ವರ್ಲ್ಡ್‌ಕಾಮ್ ಕುಸಿತ ಕಾಲು ಕೊಟ್ಟಿತು. ಅಮೆರಿಕದ ಷೇರುಪೇಟೆಯಲ್ಲಿ ನೋಂದಾಯಿಸಿದ ಕಂಪನಿಗಳ ಮುಖ್ಯಸ್ಥರು ಮತ್ತು ಮುಖ್ಯ ಹಣಕಾಸು ಅಧಿಕಾರಿಗಳು ಲೆಕ್ಕಪತ್ರ ಸರಿಯಿದೆಯೆಂದು ಸ್ವತಃ ಸಹಿ ಹಾಕಿ ಪ್ರಮಾಣೀಕರಿಸಬೇಕು, ಆಂತರಿಕ ನಿಯಂತ್ರಣಗಳನ್ನು ಪರೀಕ್ಷಿಸಿ ವರದಿ ಕೊಡಬೇಕು ಎಂಬುದು ಅದರ ತಿರುಳು.

ಇನ್ಫೋಸಿಸ್ 1999ರ ಮಾರ್ಚ್‌ನಲ್ಲಿ ನಾಸ್ಡಾಕ್ ಸೇರಿತ್ತು, ವಿಪ್ರೊ 2000ದಲ್ಲಿ ನ್ಯೂಯಾರ್ಕ್ ಷೇರುಪೇಟೆಯನ್ನು. ಎರಡಕ್ಕೂ ಕಾಯ್ದೆ ಅನ್ವಯಿಸಿತು. ಆಗ ಇನ್ಫೋಸಿಸ್‌ನ ಮುಖ್ಯ ಹಣಕಾಸು ಅಧಿಕಾರಿ ಟಿ.ವಿ. ಮೋಹನದಾಸ್ ಪೈ, ಬೆಂಗಳೂರಿನ ಸೇಂಟ್ ಜೋಸೆಫ್ಸ್ ವಾಣಿಜ್ಯ ಕಾಲೇಜಿನ ಪದವೀಧರ, ಚಾರ್ಟರ್ಡ್ ಅಕೌಂಟೆಂಟ್. ಇಲ್ಲಿ ಬಿ.ಕಾಂ. ಓದಿದವರ ಸಹಿ ಅಮೆರಿಕದ ಹೂಡಿಕೆದಾರರ ಮುಂದೆ ವೈಯಕ್ತಿಕ ಹೊಣೆಯ ಸಹಿಯಾಯಿತು. 2009ರ ಜನವರಿಯಲ್ಲಿ ಸತ್ಯಂ ಎಂಬ ಐಟಿ ಕಂಪನಿಯ ಹಗರಣ ನಮ್ಮ ಮನೆಯಂಗಳಕ್ಕೇ ಬಂತು. ಬ್ಯಾಂಕಿನಲ್ಲಿ ಇಲ್ಲದ ಹಣ ಇದೆಯೆಂದು ಅಢಾವೆ ಪತ್ರಿಕೆ ಹೇಳುತ್ತಿತ್ತು. 2013ರ ಕಂಪನಿ ಕಾಯ್ದೆ ಆಂತರಿಕ ಹಣಕಾಸು ನಿಯಂತ್ರಣಗಳ ಬಗ್ಗೆ ಲೆಕ್ಕಪರಿಶೋಧಕರು ಅಭಿಪ್ರಾಯ ಕೊಡುವುದನ್ನು, ದೂರು ಕೊಡುವ ನೌಕರರಿಗೆ ರಕ್ಷಣೆಯ ವ್ಯವಸ್ಥೆ ಇರುವುದನ್ನು ಕಾನೂನಿನೊಳಗೆ ತಂದಿತು.

ಇಂದು ವೈಟ್‌ಫೀಲ್ಡ್, ಹೊರವರ್ತುಲ ರಸ್ತೆಯ ಕಚೇರಿಗಳಲ್ಲಿ ಸರ್ಬೇನ್ಸ್-ಆಕ್ಸ್ಲಿ ಕಾಯ್ದೆಯ ಪರೀಕ್ಷೆ, ಎಂದರೆ ‘ಸಾಕ್ಸ್ ಟೆಸ್ಟಿಂಗ್’ ಮಾಡುವವರಲ್ಲಿ ದಾವಣಗೆರೆ, ಉಡುಪಿ, ಹಾಸನಗಳಲ್ಲಿ ಬಿ.ಕಾಂ. ಮುಗಿಸಿ ಬಂದವರು ಇದ್ದಾರೆ. ಈ ಪಾವತಿಗೆ ಅನುಮತಿ ಕೊಟ್ಟವರು ಯಾರು, ಮೇಲ್ ತೋರಿಸಿ, ಬಿಲ್ ಕಳಿಸಿ ಎಂದು ದೂರದೇಶದ ಮ್ಯಾನೇಜರುಗಳನ್ನು ಕೇಳುವುದೇ ಅವರ ಕೆಲಸ. ಕೆಲವೊಮ್ಮೆ ಉತ್ತರ ಬರುತ್ತದೆ, ಕೆಲವೊಮ್ಮೆ ‘ಮುಂದಿನ ಕ್ವಾರ್ಟರ್ ನೋಡೋಣ’ ಎಂಬ ಮಾತು. ನಮ್ಮ ವಾಣಿಜ್ಯ ವಿಭಾಗಗಳು ಹಳೆಯ ವಿದ್ಯಾರ್ಥಿಗಳ ದಿನಾಚರಣೆಗೆ ಶಾಲು, ಹಾರ, ಮೈಸೂರು ಪೇಟ ಸಿದ್ಧಮಾಡುವಾಗ ದೊಡ್ಡ ದಾನಿಯ ಪಕ್ಕದಲ್ಲಿ ಇಂಥವರೊಬ್ಬರಿಗೂ ಕುರ್ಚಿ ಹಾಕಲಿ. ಮೈಕ್ ಅವರ ಕೈಗೆ ಕೊಡಲಿ, ಆ ಮಾತು ಬಂದಾಗ ಏನು ಮಾಡಿದಿರಿ ಎಂದು ಕೊನೆಯ ವರ್ಷದ ವಿದ್ಯಾರ್ಥಿಗಳು ಕೇಳಲಿ.