ಸುತ್ತುದಾರಿಯೇ ಸಮೀಪವಾದ ಬಗೆ

ದಿಲ್ಲಿಯಿಂದ ಅಮೆರಿಕದ ಸಾನ್ ಫ್ರಾನ್ಸಿಸ್ಕೋ ನಗರಕ್ಕೆ ಎಷ್ಟು ದೂರ? ಭೂಪಟದ ಮೇಲೆ ಅಡಿಪಟ್ಟಿಯನ್ನಿಟ್ಟು ಅಳೆದರೆ ಉತ್ತರವು ತಪ್ಪಾಗುವುದು. ಭೂಪಟವು ಚಪ್ಪಟೆ, ಭೂಮಿಯು ಗುಂಡು. ಆದುದರಿಂದ ಭೂಗೋಳವೊಂದನ್ನು ತೆಗೆದುಕೊಂಡು ಎರಡು ನಗರಗಳ ನಡುವೆ ದಾರವನ್ನು ಬಿಗಿಯಾಗಿ ಹಿಡಿಯೋಣ. ದಾರವು ಬಹುಮಟ್ಟಿಗೆ ಉತ್ತರಕ್ಕೇ ಹೊರಟು, ಸೈಬೀರಿಯವನ್ನು ದಾಟಿ, ಆರ್ಕ್ಟಿಕ್ ಸಾಗರದ ಮೇಲೆ ಹಾದು, ಅಲಾಸ್ಕದ ಮಾರ್ಗವಾಗಿ ಕೆಳಗಿಳಿಯುತ್ತದೆ. ಇದೇ ಅತ್ಯಂತ ಹತ್ತಿರದ ದಾರಿ. ಇದನ್ನು ಮಹಾವೃತ್ತದ ಕಂಸವೆನ್ನುತ್ತಾರೆ. ಇದರ ಉದ್ದ ಸುಮಾರು 12,400 ಕಿಲೋಮೀಟರು.

ಆದರೆ ಹತ್ತಿರದ ದಾರಿಯೇ ಬೇಗನೆ ಮುಟ್ಟಿಸುವ ದಾರಿಯೆಂದು ನಾವು ತಿಳಿಯಬಾರದು. ಏರ್ ಇಂಡಿಯಾದ ವಿಮಾನವು ಮೊದಲು ಅಟ್ಲಾಂಟಿಕ್ ಸಾಗರದ ಮೇಲೆ, ಸುಮಾರು 13,900 ಕಿಲೋಮೀಟರು ಹಾರಿ ಈ ನಗರವನ್ನು ಸೇರುತ್ತಿತ್ತು. 2016ರ ಅಕ್ಟೋಬರಿನಲ್ಲಿ ಅದು ಪೂರ್ವಕ್ಕೆ ತಿರುಗಿ, ಪೆಸಿಫಿಕ್ ಸಾಗರದ ಮೇಲೆ ಸುಮಾರು 15,300 ಕಿಲೋಮೀಟರು ಹಾರಿತು. ದಾರಿಯು 1,400 ಕಿಲೋಮೀಟರಿನಷ್ಟು ಬೆಳೆದರೂ ಪ್ರಯಾಣವು ಸುಮಾರು 14½ ಗಂಟೆಗಳಲ್ಲಿ ಮುಗಿಯಿತು. ಹಿಂದಿಗಿಂತ ಹೆಚ್ಚು ಕಡಮೆ ಎರಡು ಗಂಟೆಗಳ ಉಳಿತಾಯ!

ಇದಕ್ಕೆ ಕಾರಣವೇನು? ಭೂಮಿಯು ಪೂರ್ವಕ್ಕೆ ತಿರುಗುವುದರಿಂದ ವಿಮಾನವನ್ನೂ ಮುಂದಕ್ಕೆ ಒಯ್ದಿತೆಂದು ಕೆಲವರು ಹೇಳುವುದುಂಟು. ಇದು ಸರಿಯಲ್ಲ. ದಿಲ್ಲಿಯು ಗಂಟೆಗೆ ಸುಮಾರು 1,460 ಕಿಲೋಮೀಟರು ವೇಗದಿಂದ ಪೂರ್ವಕ್ಕೆ ಸಾಗುತ್ತಿರುವುದೇನೋ ನಿಜ. ಆದರೆ ನೆಲದ ಮೇಲೆ ನಿಂತ ವಿಮಾನಕ್ಕೂ ಅದರ ಸುತ್ತಣ ಗಾಳಿಗೂ ಅದೇ ವೇಗವುಂಟು. ಸಮವೇಗದಲ್ಲಿ ಓಡುವ ರೈಲಿನೊಳಗೆ ಚೆಂಡನ್ನು ಮೇಲಕ್ಕೆಸೆದರೆ ಅದು ಮರಳಿ ನಮ್ಮ ಕೈಗೇ ಬೀಳುವುದಲ್ಲವೆ? ಇಲ್ಲಿಯೂ ಹಾಗೆಯೇ.

ನಿಜವಾದ ಸಹಾಯಕನು ಗಾಳಿ. ಉಷ್ಣವಲಯದ ಕಾದ ಗಾಳಿಯು ಹಿಗ್ಗಿರುತ್ತದೆ. ಧ್ರುವದ ಕಡೆಯ ತಣ್ಣನೆಯ ಗಾಳಿಯು ಕುಗ್ಗಿರುತ್ತದೆ. ಇದರಿಂದ ಎತ್ತರದಲ್ಲಿ ಒತ್ತಡದ ಅಂತರವುಂಟಾಗಿ ಗಾಳಿಯು ಧ್ರುವದತ್ತ ನುಗ್ಗುತ್ತದೆ. ಭೂಮಿಯ ಭ್ರಮಣವು ಅದನ್ನು ಉತ್ತರಾರ್ಧಗೋಳದಲ್ಲಿ ಬಲಕ್ಕೆ, ಎಂದರೆ ಪೂರ್ವಕ್ಕೆ, ತಿರುಗಿಸುತ್ತದೆ. ಹೀಗೆ ಸುಮಾರು 9ರಿಂದ 12 ಕಿಲೋಮೀಟರು ಎತ್ತರದಲ್ಲಿ, ವಿಮಾನಗಳು ಹಾರುವ ಮಟ್ಟದಲ್ಲಿಯೇ, ಪಶ್ಚಿಮದಿಂದ ಪೂರ್ವಕ್ಕೆ ಗಾಳಿಯ ಹೊಳೆಯೊಂದು ಹರಿಯುತ್ತದೆ. ಇದೇ ಜೆಟ್ ಪ್ರವಾಹ. ಭೂಭ್ರಮಣದ ಪಾತ್ರವು ಇಷ್ಟೇ. ಅದು ದೂಡುವುದಿಲ್ಲ, ದೂಡುವ ಗಾಳಿಗೆ ದಿಕ್ಕನ್ನು ತೋರುತ್ತದೆ.

ಈಗ ಲೆಕ್ಕವನ್ನು ನೋಡೋಣ. 15,300ನ್ನು 14½ರಿಂದ ಭಾಗಿಸಿದರೆ ಗಂಟೆಗೆ ಸುಮಾರು 1,055 ಕಿಲೋಮೀಟರು ಬರುತ್ತದೆ. ಇಂತಹ ವಿಮಾನವು ನಿಶ್ಚಲವಾದ ಗಾಳಿಯಲ್ಲಿ ಗಂಟೆಗೆ ಸುಮಾರು 900 ಕಿಲೋಮೀಟರು ಹಾರುವುದು. ಉಳಿದ 150 ಕಿಲೋಮೀಟರು ಗಾಳಿಯ ಕೊಡುಗೆ. ಅಟ್ಲಾಂಟಿಕ್ ದಾರಿಯಲ್ಲಿಯಾದರೋ ಪಶ್ಚಿಮಾಭಿಮುಖವಾಗಿ ಹಾರುವಾಗ ಇದೇ ಗಾಳಿಯು ಇದಿರಾಗಿ, ಗಂಟೆಯ ಸರಾಸರಿಯನ್ನು 900ಕ್ಕಿಂತ ಕೆಳಗಿಳಿಸುತ್ತದೆ.

ಹೊಳೆಯನ್ನು ಈಜಿ ಬಲ್ಲವರಿಗೆ ಇದು ಹೊಸತಲ್ಲ. ದಡದಿಂದ ದಡಕ್ಕೆ ಅಳೆದ ದೂರವೊಂದು, ನೀರಿನ ಸೆಳವಿನಲ್ಲಿ ಈಜಬೇಕಾದ ದೂರವೊಂದು. ವಿಮಾನವೂ ಹಾರುವುದು ನೆಲದ ಮೇಲಲ್ಲ, ಗಾಳಿಯಲ್ಲಿ. ಎರಡು ದೂರದ ನಗರಗಳ ವಿಮಾನ ವೇಳಾಪಟ್ಟಿಯು ಕೈಗೆ ಸಿಕ್ಕಿದಾಗ ಹೋಗುವ ಕಾಲವನ್ನೂ ಬರುವ ಕಾಲವನ್ನೂ ಹೋಲಿಸಿ ನೋಡಿರಿ. ಕಣ್ಣಿಗೆ ಕಾಣದ ಆ ಹೊಳೆಯು ಯಾವ ಕಡೆಗೆ ಹರಿಯುತ್ತಿದೆಯೆಂಬುದನ್ನು ಆ ಅಂಕಿಗಳೇ ನಿಮಗೆ ತಿಳಿಸುವುವು.