ಆಡುಸೋಗೆ, ಲಕ್ಕಿ, ಗುಗ್ಗುಳ: ಕಡ್ಡಿಯಿಂದ ಗಿಡ ಮಾಡುವ ಬಗೆ

ಜತ್ತ ತಾಲ್ಲೂಕಿನ ಉಮದಿ, ಸಂಖ, ಗುಡ್ಡಾಪುರದ ಕಡೆ ಹೊಲದ ಬೇಲಿಯೇ ನಮ್ಮ ಹಿರಿಯರ ಔಷಧದ ಪೆಟ್ಟಿಗೆಯಾಗಿತ್ತು. ಕೆಮ್ಮಿಗೆ ಆಡುಸೋಗೆ, ಕೀಲುನೋವಿಗೆ ಲಕ್ಕಿಸೊಪ್ಪಿನ ಶಾಖ. ಈಗ ಬೇಲಿ ಹೋಗಿ ತಂತಿ ಬಂದಿದೆ. ಗಿಡದ ಜೊತೆಗೆ ಹೆಸರೂ ಮರೆಯಾಗುತ್ತಿದೆ. ಮಕ್ಕಳಿಗೆ ಅಡುಳಸಾ, ನಿರ್ಗುಡಿ ಗೊತ್ತು, ಆಡುಸೋಗೆ, ಲಕ್ಕಿ ಗೊತ್ತಿಲ್ಲ. ಉಳಿದ ಗಿಡಗಳಿಂದಲೇ ಹೊಸವನ್ನು ಮಾಡಿಕೊಳ್ಳಬಹುದು.

ಪೆನ್ಸಿಲ್ ದಪ್ಪದ, ಬಲಿತ ಆದರೆ ಮುದಿಯಾಗದ ಕಡ್ಡಿ ಆರಿಸಿ. ಉದ್ದ 15–20 ಸೆಂ.ಮೀ., ಮೂರು-ನಾಲ್ಕು ಗೆಣ್ಣು ಇರಲಿ. ಕೆಳತುದಿಯನ್ನು ಗೆಣ್ಣಿನ ಕೆಳಗೆ ಓರೆಯಾಗಿ, ಮೇಲ್ತುದಿಯನ್ನು ನೇರವಾಗಿ ಕತ್ತರಿಸಿ. ಈ ಗುರುತು ಇಲ್ಲದೆ ನಾವು ಮೊದಲ ಸಲ ಅರ್ಧ ಕಡ್ಡಿಗಳನ್ನು ತಲೆಕೆಳಗಾಗಿ ನೆಟ್ಟಿದ್ದೆವು! ಒಂದೇ ಗಿಡದ ಕಡ್ಡಿಗಳೆಲ್ಲ ಅದರ ತದ್ರೂಪುಗಳೇ ಆಗುವುದರಿಂದ ನಾಲ್ಕಾರು ಬೇಲಿಗಳಿಂದ ಸಂಗ್ರಹಿಸಿ.

ಆಡುಸೋಗೆ, ಲಕ್ಕಿಗೆ ಹಾರ್ಮೋನ್ ಬೇಕೇಬೇಕೆಂದಿಲ್ಲ, ಹಾಕಿದರೆ ಬೇರು ಹೆಚ್ಚು ಬರುತ್ತದೆ. ಗುಗ್ಗುಳಕ್ಕೆ ಹಾಕುವುದೇ ಒಳ್ಳೆಯದು. ಒಣಭೂಮಿಯ ಈ ಗಿಡವನ್ನು ಅಂಟಿಗಾಗಿ ಆಳವಾಗಿ ಕಚ್ಚು ಹಾಕಿ ಸಾಯಿಸಿದ್ದರಿಂದ ಅದು ಇಂದು ತೀವ್ರ ಅಪಾಯದಲ್ಲಿರುವ ಜಾತಿಗಳ ಪಟ್ಟಿ ಸೇರಿದೆ.

ಬೇರಿನ ಹಾರ್ಮೋನ್ ಎಂದರೆ ಐಬಿಎ, ಅಂದರೆ ಇಂಡೋಲ್ ಬ್ಯುಟೈರಿಕ್ ಆಮ್ಲ. ದ್ರಾಕ್ಷಿ ಬೆಳೆಗಾರರ ಮನೆಯಲ್ಲಿರುವ ಜಿಎ ಇದಲ್ಲ. ಅದು ಬೇರು ಬರುವುದನ್ನೇ ತಡೆಯುತ್ತದೆ. ಅಂಗಡಿಯಲ್ಲಿ ಹೆಸರು ಓದಿಯೇ ಕೊಳ್ಳಿ. ಐಬಿಎ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. 100 ಮಿಲಿಗ್ರಾಂ ಪುಡಿಯನ್ನು 50 ಮಿ.ಲೀ. ಸ್ಪಿರಿಟ್‌ನಲ್ಲಿ ಕರಗಿಸಿ, ನೀರು ಸೇರಿಸಿ 100 ಮಿ.ಲೀ. ಮಾಡಿದರೆ 1000 ಪಿಪಿಎಂ ದ್ರಾವಣ ಸಿದ್ಧ. ಇಷ್ಟು ಸಣ್ಣ ತೂಕಕ್ಕೆ ಅಕ್ಕಸಾಲಿಗರ ತಕ್ಕಡಿಯೇ ಬೇಕು. ಅದು ಬೇಡವೆಂದರೆ ಬೆರೆಸಿದ ಸಿದ್ಧ ಪುಡಿ ಸಿಗುತ್ತದೆ. ಕಡ್ಡಿಯ ಕೆಳತುದಿಯನ್ನು ಐದು-ಹತ್ತು ಸೆಕೆಂಡು ಅದ್ದಿ ತೆಗೆದರೆ ಸಾಕು. ಹೆಚ್ಚು ಹೊತ್ತು ಅದ್ದಿದರೆ ತೊಗಟೆ ಸುಡುತ್ತದೆ.

ಮರಳು, ಮಣ್ಣು, ಕೊಳೆತ ಗೊಬ್ಬರ ಸಮವಾಗಿ ತುಂಬಿದ ಚೀಲದಲ್ಲಿ ಎರಡು ಗೆಣ್ಣು ಹೂಳುವಂತೆ ನೆಟ್ಟು ನೆರಳಲ್ಲಿಡಿ. ನೀರು ನಿಂತರೆ ಗುಗ್ಗುಳ ಕೊಳೆಯುತ್ತದೆ. ಚಿಗುರು ಬಂದ ಮಾತ್ರಕ್ಕೆ ಬೇರು ಬಂತೆಂದು ನಂಬಬೇಡಿ: ಕಡ್ಡಿಯಲ್ಲಿ ಕೂಡಿಟ್ಟ ಆಹಾರದಿಂದಲೇ ಎಲೆ ಒಡೆಯುತ್ತದೆ. ಕಿತ್ತು ನೋಡುವ ಆಸೆಯನ್ನೂ ತಡೆದುಕೊಳ್ಳಿ. ಚೀಲದ ತೂತಿನಲ್ಲಿ ಬೇರು ಕಂಡ ಮೇಲೆ ನಿಧಾನವಾಗಿ ಬಿಸಿಲಿಗೆ ಒಡ್ಡಿ ಬದುವಿಗೆ ನೆಡಿ. ಆಡುಸೋಗೆಯನ್ನು ಆಡೂ ಮುಟ್ಟುವುದಿಲ್ಲ, ಕಾವಲಿನ ಚಿಂತೆಯಿಲ್ಲ.

ಹಳೆಯ ಬೇಲಿ ಉಳಿಸಿಕೊಂಡಿರುವ ಸದಸ್ಯರು ಮುಂದಿನ ಸಭೆಗೆ ಬರುವಾಗ ಹತ್ತು ಕಡ್ಡಿಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ತರಬೇಕೆಂದು ಕೋರುತ್ತೇವೆ.